ಫ್ಲಿನ್ ಫ್ಲಾನಿನ ಹುಡುಗರು ಯಾರ ಹುಡುಗರು?



ಕೆನಡಾ ದೇಶದ ಉತ್ತರದಲ್ಲಿ ಬರೀ ಬಂಡೆಯ ಮೇಲೆ ಕಟ್ಟಿದ ಒಂದು ಗಣಿ ಊರು ಇದೆ. ಹೆಸರು ಫ್ಲಿನ್ ಫ್ಲಾನ್. ಆ ಊರಿನಲ್ಲಿ ಹದಿನಾರರಿಂದ ಇಪ್ಪತ್ತು ವರ್ಷದ ಹುಡುಗರು ಆಡುವ ಒಂದು ಹಾಕಿ ತಂಡವಿದೆ. ಅದರ ಹೆಸರು ಬಾಂಬರ್ಸ್. ಈ ತಂಡದ ಚರಿತ್ರೆ ಹೇಳುವವರು ಬಹಳ ಮಂದಿ. ಹೇಳುವಾಗ ಎರಡು ಮಾತು ತಪ್ಪದೆ ಬರುತ್ತವೆ. ಕಂಪನಿ ಇದ್ದುದರಿಂದ ತಂಡವಾಯಿತು ಎಂಬುದು ಒಂದು. ಗಣಿಯ ಕಷ್ಟವೇ ಹುಡುಗರನ್ನು ಗಟ್ಟಿ ಮಾಡಿತು ಎಂಬುದು ಇನ್ನೊಂದು. ಈ ಎರಡನ್ನೂ ನಾವು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ಆಟದ ವಿಷಯ. ನಮ್ಮ ಶಾಲೆಯ ಮೈದಾನದಲ್ಲಿ ಆಡುವ ಹಾಕಿ ಇದಲ್ಲ. ಇದು ಮಂಜುಗಡ್ಡೆಯ ಮೇಲಿನ ಹಾಕಿ. ಬೂಟಿನ ಅಡಿಗೆ ಉಕ್ಕಿನ ಅಲಗು ಕಟ್ಟಿಕೊಂಡು ಜಾರುತ್ತಾ ಓಡುತ್ತಾರೆ. ಚೆಂಡಿನ ಬದಲು ಕಪ್ಪು ರಬ್ಬರಿನ ಬಿಲ್ಲೆ. ಒಂದೊಂದು ಕಡೆಗೆ ಗೋಲಿಯೂ ಸೇರಿ ಆರು ಜನ. ಎದುರಾಳಿಯನ್ನು ಮೈಯಿಂದ ಡಿಕ್ಕಿ ಹೊಡೆದು ಬೀಳಿಸುವುದು ಇದರಲ್ಲಿ ತಪ್ಪಲ್ಲ, ಆಟದ ಭಾಗವೇ. ಉದಕಮಂಡಲದಲ್ಲಿ ಪುಷ್ಯ ಮಾಸದ ಬೆಳಗ್ಗೆ ಹುಲ್ಲಿನ ಮೇಲೆ ಬಿಳಿ ಇಬ್ಬನಿ ಗಟ್ಟಿಯಾದರೆ ನಮಗೆ ಕೈ ಮರಗಟ್ಟುತ್ತದೆ. ಅಲ್ಲಿ ಚಳಿಗಾಲದಲ್ಲಿ ಸೊನ್ನೆಯ ಕೆಳಗೆ ಮೂವತ್ತು ಡಿಗ್ರಿ ಎಂದರೆ ಸಾಮಾನ್ಯ ದಿನ. ಕೆರೆಗಳೆಲ್ಲ ಕಲ್ಲಾಗುತ್ತವೆ. ಮಕ್ಕಳಿಗೆ ಆಡಲು ಬೇರೆ ಮೈದಾನ ಯಾರೂ ಕೊಡಬೇಕಾಗಿಲ್ಲ, ಚಳಿಯೇ ಕೊಡುತ್ತದೆ. ಈ ಮಾತನ್ನು ನೆನಪಿನಲ್ಲಿಡಿ.

ಊರು ಹುಟ್ಟಿದ ಕತೆಯೂ ವಿಚಿತ್ರ. 1905ರಲ್ಲಿ ಪ್ರೆಸ್ಟನ್ ಮಡಕ್ ಎಂಬವರು ಬರೆದ 'ದಿ ಸನ್‌ಲೆಸ್ ಸಿಟಿ' ಎಂಬ ಅಗ್ಗದ ಕಾದಂಬರಿಯೊಂದಿತ್ತು. ಅದರ ನಾಯಕ ಫ್ಲಿಂಟಬ್ಯಾಟಿ ಫ್ಲೊನಾಟಿನ್ ಒಂದು ಕೆರೆಯೊಳಗೆ ಮುಳುಗಿ ಭೂಮಿಯ ಅಡಿಯಲ್ಲಿ ಚಿನ್ನದ ಊರನ್ನು ಕಾಣುತ್ತಾನೆ. ಅದಿರು ಹುಡುಕುತ್ತಾ ಹೋದವರು ಆ ಹೆಸರನ್ನೇ ಮೊಟಕು ಮಾಡಿ ಜಾಗಕ್ಕೆ ಇಟ್ಟರು. ಅದಿರು ಇರುವ ಜಾಗವನ್ನು ಟಾಮ್ ಕ್ರೈಟನ್ ಎಂಬ ಶೋಧಕನಿಗೆ ತೋರಿಸಿಕೊಟ್ಟವನು ಡೇವಿಡ್ ಕಾಲಿನ್ಸ್ ಎಂಬ ಬೇಟೆಗಾರ ಎಂದು ಊರಿನ ಚರಿತ್ರೆ ಹೇಳುತ್ತದೆ. ತೋರಿಸಿದವನ ಹೆಸರು ಹಿಂದೆ ಸರಿಯಿತು, ಕಂಡವನ ಹೆಸರು ಮುಂದೆ ಬಂತು. ಪಕ್ಕದ ಪಟ್ಟಣಕ್ಕೆ ಈಗಲೂ ಕ್ರೈಟನ್ ಎಂದೇ ಹೆಸರು.

1927ರಲ್ಲಿ ನ್ಯೂಯಾರ್ಕಿನ ವಿಟ್ನಿ ಮನೆತನದ ಬಂಡವಾಳದಿಂದ ಹಡ್ಸನ್ ಬೇ ಮೈನಿಂಗ್ ಅಂಡ್ ಸ್ಮೆಲ್ಟಿಂಗ್ ಕಂಪನಿ ಆಯಿತು. ಮಾರನೆಯ ವರ್ಷ ರೈಲು ಬಂತು. 1930ರಿಂದ ತಾಮ್ರವೂ ಸತುವೂ ಹೊರಟವು. ಹಾಕಿ ತಂಡ ಹುಟ್ಟಿದ್ದೂ ಅದೇ 1927ರಲ್ಲಿ. ಒಂದೇ ವರ್ಷದಲ್ಲಿ ಹುಟ್ಟಿದ್ದರಿಂದ ತಂಡವು ಕಂಪನಿಯ ಮಗು ಎಂದು ಹೇಳುವುದು ಸುಲಭವಾಯಿತು. ಒಂದೇ ದಿನ ಹುಟ್ಟಿದ ಮಾತ್ರಕ್ಕೆ ಸಾಹುಕಾರನ ಮಗನೂ ಕೂಲಿಯ ಮಗನೂ ಅಣ್ಣತಮ್ಮಂದಿರಾಗುತ್ತಾರೆಯೇ?

ಊರು ಇರುವುದು ಮ್ಯಾನಿಟೋಬ ಮತ್ತು ಸಸ್ಕಾಚೆವಾನ್ ಎಂಬ ಎರಡು ಪ್ರಾಂತ್ಯಗಳ ಗಡಿಯ ಮೇಲೆ. ಊರಿನ ಹೆಚ್ಚು ಭಾಗ ಮ್ಯಾನಿಟೋಬದಲ್ಲಿ, ಒಂದು ತುಂಡು ಸಸ್ಕಾಚೆವಾನಿನಲ್ಲಿ. ತಂಡ ಆಡುವುದು ಸಸ್ಕಾಚೆವಾನ್ ಪಂದ್ಯಾವಳಿಯಲ್ಲಿ. ಗಡಿಯಲ್ಲಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣೇ ಇಲ್ಲದ ಆ ಬಂಡೆಯಲ್ಲಿ ಚರಂಡಿ ಕೊಳವೆ ಹೂಳಲು ಜಾಗವಿಲ್ಲದೆ, ನೆಲದ ಮೇಲೆಯೇ ಮರದ ಪೆಟ್ಟಿಗೆ ಕಟ್ಟಿ ಅದರೊಳಗೆ ಕೊಳವೆ ಹಾಯಿಸಿದರು. 1950ರ ದಶಕದ ಆರಂಭದವರೆಗೂ ಹೊರಗಿನಿಂದ ಮೋಟಾರು ರಸ್ತೆ ಇರಲಿಲ್ಲ. ಅಂತಹ ಜಾಗದಲ್ಲಿ ದುಡಿಯಲು ಬಂದವರು, ಪಾಳಿ ಮುಗಿಸಿ ಬಂದು ಮಕ್ಕಳಿಗೆ ಆಟ ಕಲಿಸಿದವರು, ತಂಡ ಕಟ್ಟಿದವರು.

ಈಗ 1934ರ ಮಾತು. ಕೈಗಾರಿಕಾ ಕುಸಿತದ ಕಾಲದಲ್ಲಿ ಕಂಪನಿ ಕೂಲಿ ಕಡಿತ ಮಾಡಿತ್ತು. ಕೆಲಸಗಾರರು ಸಂಘ ಕಟ್ಟಿದರು, ಸಂಘವನ್ನು ಮಾನ್ಯ ಮಾಡಿ ಎಂದರು. ಕಂಪನಿ ಆಗುವುದಿಲ್ಲ ಎಂದಿತು. ಜೂನ್ ತಿಂಗಳಲ್ಲಿ ಮುಷ್ಕರವಾಯಿತು. ಗಂಡಸರ ಜೊತೆಗೆ ಹೆಂಗಸರೂ ಕಾವಲಿಗೆ ನಿಂತರು. ಸರ್ಕಾರ ಏನು ಮಾಡಿತು? ಪೊಲೀಸು ಕಳುಹಿಸಿತು. ಕಮ್ಯೂನಿಸ್ಟರು ಬಂದು ಹಾಳು ಮಾಡಿದರು ಎಂದು ಪ್ರಚಾರವಾಯಿತು. ಮುಂದಾಳುಗಳು ಜೈಲು ಕಂಡರು, ಕೆಲಸ ಕಳೆದುಕೊಂಡರು. ಮುಷ್ಕರ ಮುರಿಯಿತು. ಬಾಂಬರ್ಸ್ ತಂಡದ ಚರಿತ್ರೆಯೆಂದು ಬರೆಯುವವರು ಈ ಒಂದು ಬೇಸಿಗೆಯನ್ನು ಹಾರಿಸಿಬಿಡುತ್ತಾರೆ. ಹಾಕಿ ಚಳಿಗಾಲದ್ದು, ಮುಷ್ಕರ ಬೇಸಿಗೆಯದ್ದು, ಅದಕ್ಕೂ ಇದಕ್ಕೂ ಏನು ಸಂಬಂಧ ಎಂಬ ಧಾಟಿ. ಸಂಬಂಧ ಇದೆ. ಆಟ ನೋಡಲು ಬೆಂಚಿನ ಮೇಲೆ ಕೂತವರೂ, ಬೇಸಿಗೆಯಲ್ಲಿ ದಾರಿ ಕಾದವರೂ ಒಬ್ಬರೇ. ಸಂಘ ಕೇಳಿದರೆ ಪೊಲೀಸು, ಹಾಕಿ ಕೇಳಿದರೆ ಅಂಗಳ! ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂಬುದನ್ನು ಬಂಡವಾಳಗಾರ ಬಹಳ ಚೆನ್ನಾಗಿ ಬಲ್ಲ.

ಕಂಪನಿ ಏನೂ ಕೊಡಲಿಲ್ಲ ಎಂದು ನಾವು ಸುಳ್ಳು ಹೇಳುವುದಿಲ್ಲ. ತಂಡದ ಹುಡುಗರಿಗೆ ಕೆಲಸ ಕೊಟ್ಟಿತು. ಬಡವರ ಮನೆಯ ಹುಡುಗನಿಗೆ ಅದು ಸಣ್ಣದಲ್ಲ. ಆದರೆ ಆ ಹಣ ಎಲ್ಲಿಂದ ಬಂತು? ನೆಲದ ಅಡಿಯಲ್ಲಿ ಆ ಹುಡುಗರ ಅಪ್ಪಂದಿರು ಒಡೆದ ಅದಿರಿನಿಂದ ಬಂತು. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗಾಯಿತು. ದಾನದ ಪುಣ್ಯ ಮಾತ್ರ ಅಳಿಯನದು. ತಂಡ ಆಡುವ ಅಂಗಳದ ಹೆಸರು ಏನು ಗೊತ್ತೇ? ವಿಟ್ನಿ ಫೋರಂ. ನ್ಯೂಯಾರ್ಕಿನ ಶ್ರೀಮಂತರ ಹೆಸರು. ಒಬ್ಬ ಡ್ರಿಲ್ಲರನ ಹೆಸರಿಲ್ಲ, ಕುಲುಮೆಯ ಮುಂದೆ ನಿಂತವನ ಹೆಸರಿಲ್ಲ.

1957ರಲ್ಲಿ ಈ ಮೂಲೆಯ ಊರಿನ ತಂಡ ಇಡೀ ಕೆನಡಾದ ಕಿರಿಯರ ಪ್ರಶಸ್ತಿಯಾದ ಮೆಮೋರಿಯಲ್ ಕಪ್ ಗೆದ್ದಿತು. ತರಬೇತುದಾರ ಬಾಬಿ ಕರ್ಕ್, ನಾಯಕ ಟೆಡ್ ಹ್ಯಾಂಪ್ಸನ್. ಎದುರು ಇದ್ದದ್ದು ರಾಜಧಾನಿಯ ಕಡೆಯ ಒಟ್ಟಾವ-ಹಲ್ ಕನೇಡಿಯನ್ಸ್. ಏಳು ಪಂದ್ಯಗಳ ಸರಣಿ, ನಾಲ್ಕಕ್ಕೆ ಮೂರರಲ್ಲಿ ಗೆಲುವು. ಅಂದರೆ ಕೊನೆಯ ಪಂದ್ಯದವರೆಗೂ ಯಾರು ಎಂದು ಗೊತ್ತಿರಲಿಲ್ಲ. ದೊಡ್ಡ ಪಟ್ಟಣಗಳು ತುಂಬಿದ ದೇಶದಲ್ಲಿ, ಕಾಡಿನ ಅಂಚಿನ ಒಂದು ಗಣಿ ಊರಿನವರು ಗೆದ್ದರು. ಓದುವಾಗ ನಮಗೇ ಎದೆ ಉಬ್ಬುತ್ತದೆ, ಆ ಊರಿನವರಿಗೆ ಹೇಗಾಗಿರಬೇಡ!

ಅದರ ನಂತರದ ದೊಡ್ಡ ಹೆಸರು ಬಾಬಿ ಕ್ಲಾರ್ಕ್. 1949ರಲ್ಲಿ ಅದೇ ಊರಿನಲ್ಲಿ ಹುಟ್ಟಿದವರು. ತಂದೆ ಗಣಿ ಕೆಲಸಗಾರ. ಹುಡುಗನಾಗಿದ್ದಾಗಲೇ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಶಾಲೆ ಬಿಟ್ಟು ತಾವೂ ಗಣಿ ಕಂಪನಿಯಲ್ಲಿ ದುಡಿದವರು. 1967-68ರಲ್ಲಿ 59 ಪಂದ್ಯಗಳಲ್ಲಿ 51 ಗೋಲು ಹೊಡೆದು, 117 ಗೋಲುಗಳಿಗೆ ಬಿಲ್ಲೆ ಒದಗಿಸಿಕೊಟ್ಟರು. ಇಷ್ಟು ಆಡಿದ ಹುಡುಗನನ್ನು 1969ರಲ್ಲಿ ವೃತ್ತಿ ತಂಡಗಳು ಆರಿಸುವ ಹೊತ್ತಿಗೆ ಏನಾಯಿತು? ಮೊದಲ ಸುತ್ತಿನಲ್ಲಿ ಒಂದು ತಂಡವೂ ಮುಟ್ಟಲಿಲ್ಲ. ಕಾಯಿಲೆಯವನು, ನಮ್ಮ ದುಡ್ಡು ಮುಳುಗುತ್ತದೆ ಎಂಬ ಲೆಕ್ಕ. ತರಬೇತುದಾರ ಪ್ಯಾಟ್ ಗಿನೆಲ್ ಹುಡುಗನನ್ನು ಅಮೆರಿಕದ ಮೇಯೋ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇವನು ಆಡಬಹುದು ಎಂದು ವೈದ್ಯರ ಕಾಗದ ತಂದಿದ್ದರೂ ಹೀಗೆ. ಕೊನೆಗೆ ಎರಡನೇ ಸುತ್ತಿನಲ್ಲಿ, ಹದಿನೇಳನೆಯವನಾಗಿ ಫಿಲಡೆಲ್ಫಿಯಾ ತಂಡ ತೆಗೆದುಕೊಂಡಿತು. ಆ ತಂಡದ ನಾಯಕನಾಗಿ 1974ರಲ್ಲೂ 1975ರಲ್ಲೂ ಸ್ಟ್ಯಾನ್ಲಿ ಕಪ್ ಎತ್ತಿದರು. ಮೂರು ಸಲ ಇಡೀ ಲೀಗಿನ ಅತ್ಯುತ್ತಮ ಆಟಗಾರನೆಂಬ ಹಾರ್ಟ್ ಪ್ರಶಸ್ತಿ ಬಂತು.

ನೋಡಿದಿರಾ, ಗಣಿಯ ಕಷ್ಟ ಹುಡುಗನನ್ನು ಎಲ್ಲಿಗೆ ಏರಿಸಿತು ಎಂದು ಹೇಳುವವರು ಇಲ್ಲಿಗೆ ಕತೆ ನಿಲ್ಲಿಸುತ್ತಾರೆ. ನಾವು ಕೇಳುತ್ತೇವೆ: ಕಷ್ಟವೇ ಮನುಷ್ಯನನ್ನು ಬೆಳೆಸುವುದಾದರೆ ಕಂಪನಿಯ ಡೈರೆಕ್ಟರುಗಳು ತಮ್ಮ ಮಕ್ಕಳನ್ನು ಏಕೆ ನೆಲದಡಿಗೆ ಇಳಿಸಲಿಲ್ಲ? ಒಬ್ಬ ಕ್ಲಾರ್ಕ್ ಮೇಲೆ ಬಂದಾಗ, ಅದೇ ಚಳಿಯಲ್ಲಿ ಅದೇ ಅಲಗು ಕಟ್ಟಿ ಆಡಿದ ನೂರಾರು ಹುಡುಗರು ಇಪ್ಪತ್ತು ದಾಟುತ್ತಲೇ ಕುಲುಮೆಗೋ ಸುರಂಗಕ್ಕೋ ಹೋದರು. ಅವರ ಕೈಯಲ್ಲೂ ಅದೇ ಗಣಿಯ ಕಷ್ಟವಿತ್ತು. ಕ್ಲಾರ್ಕರನ್ನು ಬೆಳೆಸಿದ್ದು ಕಷ್ಟವಲ್ಲ. ಸ್ವಂತ ಛಲ, ಮನೆಯವರ ಆರೈಕೆ, ಆಸ್ಪತ್ರೆಗೆ ಕರೆದುಕೊಂಡು ಹೋಗಲು ಮನಸ್ಸು ಮಾಡಿದ ಒಬ್ಬ ತರಬೇತುದಾರ, ಇವು ಬೆಳೆಸಿದವು.

ಕ್ಲಾರ್ಕರ ಪಕ್ಕದಲ್ಲಿ ಆಡಿದ ರೆಜ್ಜಿ ಲೀಚ್ ಇನ್ನೊಬ್ಬರು. ಓಜಿಬ್ವೆ ಎಂಬ ಮೂಲನಿವಾಸಿ ಜನಾಂಗದವರು, ರಿವರ್‌ಟನ್ ಎಂಬ ಹಳ್ಳಿಯಿಂದ ಆಡಲೆಂದೇ ಈ ಊರಿಗೆ ಬಂದ ಹುಡುಗ. 1967-68ರಲ್ಲಿ ಹೊಡೆದದ್ದು 87 ಗೋಲು. ಮುಂದೆ ಫಿಲಡೆಲ್ಫಿಯಾದಲ್ಲೇ 1975-76ರಲ್ಲಿ 61 ಗೋಲು. ಆ ವರ್ಷ ಅಂತಿಮ ಪಂದ್ಯಗಳಲ್ಲಿ ತಂಡ ಸೋತರೂ ಅತ್ಯುತ್ತಮ ಆಟಗಾರ ಪ್ರಶಸ್ತಿ ಲೀಚರಿಗೆ. ಆದರೆ ಮದ್ಯ ಅವರನ್ನು ಹಿಡಿದಿತ್ತು. ಅದನ್ನು ಬಿಟ್ಟ ಮೇಲೆ ಮೂಲನಿವಾಸಿ ಮಕ್ಕಳ ಮುಂದೆ ನಿಂತು, ನಾನು ಹೀಗೆ ಕೆಟ್ಟೆ, ನೀವು ಕೆಡಬೇಡಿ ಎಂಬುದಾಗಿ ಮುಚ್ಚುಮರೆಯಿಲ್ಲದೆ ತಮ್ಮ ಕತೆ ಹೇಳುತ್ತಾ ಬಂದಿದ್ದಾರೆ. ಗೋಲಿನ ಲೆಕ್ಕಕ್ಕಿಂತ ಇದಕ್ಕೇ ನಮ್ಮ ಗೌರವ ಹೆಚ್ಚು.

ಗಿನೆಲ್ ಕಾಲದ ತಂಡ 1969ರಲ್ಲೂ 1970ರಲ್ಲೂ ಪಶ್ಚಿಮ ಕೆನಡಾದ ಕಿರಿಯರ ಲೀಗನ್ನು ಗೆದ್ದಿತು. ಗೆಲುವಿನ ಜೊತೆಗೆ ಇನ್ನೊಂದು ಹೆಸರೂ ಬಂತು, ಹೊಡೆದಾಟದ ಹೆಸರು. 1969ರಲ್ಲಿ ಪೂರ್ವದ ಸೇಂಟ್ ಥಾಮಸ್ ತಂಡದ ಜೊತೆಗಿನ ಸರಣಿ ಅರ್ಧಕ್ಕೇ ನಿಂತಿತು. ಹೊಡೆದಾಟವಾಗಿ ಆ ತಂಡದವರು ಅಂಗಳ ಬಿಟ್ಟು ಹೊರಟರು. ಇದನ್ನು ನಗುನಗುತ್ತಾ ಗಣಿ ಊರಿನ ಗಂಡೆದೆ ಎಂದು ಬಣ್ಣಿಸುವವರಿದ್ದಾರೆ. ನಮಗೆ ನಗು ಬರುವುದಿಲ್ಲ. 1972ರಲ್ಲಿ ಮಾಸ್ಕೋದಲ್ಲಿ ರಷ್ಯದ ಖರ್ಲಮೋವ್ ಎಂಬ ಚತುರ ಆಟಗಾರನ ಪಾದದ ಗಂಟಿಗೆ ಕ್ಲಾರ್ಕ್ ಕೋಲು ಬೀಸಿ ಹೊಡೆದದ್ದನ್ನು ಇಡೀ ಲೋಕ ನೋಡಿತು. ನಾವು ಕ್ಲಾರ್ಕರನ್ನು ಮೆಚ್ಚುತ್ತೇವೆ, ಆ ಏಟನ್ನು ಮೆಚ್ಚುವುದಿಲ್ಲ. ಹದಿನೇಳರ ಹುಡುಗನಿಗೆ ಹೊಡೆ ಎಂದು ಕಲಿಸಿ, ಹೊಡೆದಾಗ ಟಿಕೆಟು ಮಾರಿಕೊಂಡವರು ಯಾರು? ಏಟು ತಿಂದವನೂ ಹೊಡೆದವನೂ ದುಡಿಯುವವರ ಮಕ್ಕಳೇ. ಪೆಟ್ಟಿಗೆ ತುಂಬಿದ್ದು ಬೇರೆಯವರದು.

ಇಲ್ಲಿ ಮುಖ್ಯವಾದ ಪ್ರಶ್ನೆ ಬರುತ್ತದೆ. ಈ ಆಟ ಆಟವೋ, ಕೆಲಸವೋ? ಚಪ್ಪಾಳೆ ತಟ್ಟುವಾಗ ಆಟ ಎನ್ನುತ್ತಾರೆ, ಕೂಲಿ ಕೇಳಿದಾಗಲೂ ಆಟ ಎನ್ನುತ್ತಾರೆ. ತರಬೇತಿಗೆ ತಡವಾಗಿ ಬಂದರೆ ಮಾತ್ರ ಕೆಲಸ! 1978ರವರೆಗೆ ಬಾಂಬರ್ಸ್ ಆಡುತ್ತಿದ್ದದ್ದು ಇಂದು ಡಬ್ಲ್ಯು.ಎಚ್.ಎಲ್. ಎನ್ನುವ ದೊಡ್ಡ ಕಿರಿಯರ ಲೀಗಿನಲ್ಲಿ. ಈ ಲೀಗು ಸೇರಿದ ಕೆನಡಾದ ಮೇಲಿನ ಸಂಸ್ಥೆಯ ವಿರುದ್ಧ 2014ರಲ್ಲಿ ಹಳೆಯ ಆಟಗಾರರು ನ್ಯಾಯಾಲಯಕ್ಕೆ ಹೋದರು. ಟಿಕೆಟು ಮಾರುತ್ತೀರಿ, ಜಾಹೀರಾತು ಹಾಕುತ್ತೀರಿ, ನಮ್ಮ ಕೈಗೆ ಜೇಬುಖರ್ಚು ಇಟ್ಟು ಕಳುಹಿಸುತ್ತೀರಿ, ಕನಿಷ್ಠ ವೇತನ ಕೊಡಿ ಎಂಬುದು ಅವರ ಬೇಡಿಕೆ. ಸರ್ಕಾರಗಳು ಏನು ಮಾಡಿದವು? ಸಸ್ಕಾಚೆವಾನ್, ಮ್ಯಾನಿಟೋಬ ಸೇರಿ ಹಲವು ಪ್ರಾಂತ್ಯಗಳು ಈ ಹುಡುಗರನ್ನು ಕನಿಷ್ಠ ವೇತನದ ನಿಯಮದಿಂದಲೇ ಹೊರಗಿಟ್ಟವು. ಕಾನೂನು ಮುರಿಯಬೇಕಾಗಿಲ್ಲ, ತಿದ್ದಿದರೆ ಸಾಕು. 2020ರಲ್ಲಿ 3 ಕೋಟಿ ಡಾಲರಿನ ರಾಜಿ ಪ್ರಕಟವಾಯಿತು. ವಿದ್ಯಾರ್ಥಿವೇತನ ಕೊಡುತ್ತೇವಲ್ಲ ಎಂದು ಲೀಗಿನವರು ವಾದಿಸುತ್ತಾರೆ. ಕೊಡಲಿ, ಸಂತೋಷ. ಕೂಲಿಯ ಬದಲು ಬೇರೇನನ್ನೋ ಕೊಟ್ಟು ಲೆಕ್ಕ ಸಮ ಮಾಡುವ ವಿದ್ಯೆ ತೋಟದ ಜನರಾದ ನಮಗೆ ಹೊಸದೇನಲ್ಲ.

ಫ್ಲಿನ್ ಫ್ಲಾನಿನಲ್ಲೇ 1933ರಲ್ಲಿ ಹುಟ್ಟಿದ ಎರಿಕ್ ನೆಸ್ಟರೆಂಕೊ ಎಂಬ ಹೆಸರಾಂತ ಆಟಗಾರರಿದ್ದರು. ಬಾಲ್ಯದಲ್ಲೇ ಊರು ಬಿಟ್ಟವರು, ಬಾಂಬರ್ಸ್ ಪರ ಆಡಿದವರಲ್ಲ. ಸ್ಟಡ್ಸ್ ಟರ್ಕೆಲ್ ಎಂಬವರು 1974ರಲ್ಲಿ 'ವರ್ಕಿಂಗ್' ಎಂಬ ಪುಸ್ತಕ ತಂದರು. ಕೂಲಿಗಳು ತಮ್ಮ ಕೆಲಸದ ಬಗ್ಗೆ ತಾವೇ ಹೇಳಿದ ಮಾತುಗಳ ಪುಸ್ತಕ ಅದು. ಹೊಲದ ಆಳು, ಉಕ್ಕಿನ ಕಾರ್ಖಾನೆಯವನು, ಹೋಟೆಲಿನಲ್ಲಿ ಬಡಿಸುವ ಹೆಂಗಸು, ಇವರ ನಡುವೆ ನೆಸ್ಟರೆಂಕೊ ಕೂಡ ಇದ್ದಾರೆ. ಟರ್ಕೆಲ್ ಅವರನ್ನು ಕೂರಿಸಿದ ಜಾಗ ಸರಿಯಾದದ್ದು.

1978ರಲ್ಲಿ ಆ ದೊಡ್ಡ ಲೀಗಿನ ತಂಡವನ್ನು ಎಡ್ಮಂಟನ್ ಪಟ್ಟಣಕ್ಕೆ ಒಯ್ದರು. ಊರು ಸಣ್ಣದು, ದಾರಿ ದೂರ, ಲಾಭ ಸಾಲದು. ಎಡ್ಮಂಟನಿನಲ್ಲೂ ಅದು ಒಂದೇ ವರ್ಷ ಉಳಿಯಿತು, ಆಮೇಲೆ ಅಮೆರಿಕದ ಪಟ್ಟಣಗಳಿಗೆ ಹೋಯಿತು. ಅಲ್ಲಿಗೆ ಫ್ಲಿನ್ ಫ್ಲಾನಿನ ಹಾಕಿ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಊರಿನವರು ಬಾಂಬರ್ಸ್ ಎಂಬ ಹೆಸರನ್ನು ಬಿಟ್ಟುಕೊಡಲಿಲ್ಲ. ಸಣ್ಣ ಪಂದ್ಯಾವಳಿಗಳಲ್ಲಿ ಆಡಿಸಿಕೊಂಡು ಬಂದು 1984ರಲ್ಲಿ ಸಸ್ಕಾಚೆವಾನ್ ಜೂನಿಯರ್ ಲೀಗಿಗೆ ಸೇರಿಸಿದರು. 1993ರಲ್ಲಿ ಅದನ್ನು ಗೆದ್ದರು. ಈ ತಂಡಕ್ಕೆ ಧಣಿ ಇಲ್ಲ. ಊರೇ ಒಡೆಯ.

ಊರೇ ಒಡೆಯ ಎಂದರೆ ಏನು? ಹೊರಗಿನಿಂದ ಆಡಲು ಬಂದ ಹುಡುಗರನ್ನು ಊರಿನ ಮನೆಗಳಲ್ಲಿ ಇಟ್ಟುಕೊಳ್ಳುತ್ತಾರೆ. ಹದಿನೇಳರ ಹುಡುಗ, ಅಪ್ಪ ಅಮ್ಮನಿಂದ ನೂರಾರು ಮೈಲಿ ದೂರ. ಅವನಿಗೆ ಹಾಸಿಗೆ, ಊಟ, ಜ್ವರ ಬಂದರೆ ಮಾತ್ರೆ, ಸೋತು ಬಂದ ರಾತ್ರಿ ಎರಡು ಸಮಾಧಾನದ ಮಾತು. ಆ ವಯಸ್ಸಿನ ಗಂಡು ಮಕ್ಕಳು ಎಷ್ಟು ತಿನ್ನುತ್ತಾರೆಂದು ನಮ್ಮ ತಾಯಂದಿರನ್ನು ಕೇಳಿ! ಇದಕ್ಕೆ ಸಿಗುವ ಹಣ ಅಕ್ಕಿಬೇಳೆಗೆ ಸಾಲುವುದೇ ಹೆಚ್ಚು. ಯಾವ ಕಪ್ಪಿನ ಮೇಲೂ ಆ ತಾಯಂದಿರ ಹೆಸರು ಕೆತ್ತುವುದಿಲ್ಲ. ಟಿಕೆಟು ಹರಿಯುವವರೂ, ಚೀಟಿ ಮಾರಿ ಹಣ ಕೂಡಿಸುವವರೂ ಕೆಲಸ ಮುಗಿಸಿ ಬಂದ ಜನ. ತಂಡ ಕಟ್ಟಿದವರು ಯಾರು ಎಂದು ಕೇಳಿದರೆ ನಮ್ಮ ಬೆರಳು ಈ ಅಡಿಗೆಮನೆಗಳ ಕಡೆಗೆ ತೋರಿಸುತ್ತದೆ.

ಮಕ್ಕಳನ್ನು ಬಸ್ಸಿನಲ್ಲಿ ಕಳುಹಿಸಿ ರಾತ್ರಿಯಿಡೀ ಕಾಯುವವರೂ ಇವರೇ. ಇದೇ ಲೀಗಿನ ಹಂಬೋಲ್ಟ್ ಊರಿನ ತಂಡದ ಬಸ್ಸಿಗೆ 2018ರ ಏಪ್ರಿಲ್ 6ರಂದು ಲಾರಿ ಅಡ್ಡ ಬಂತು. ಬಸ್ಸಿನಲ್ಲಿ 29 ಜನ, ಸತ್ತವರು 16. ಲಾರಿ ಓಡಿಸುತ್ತಿದ್ದವನು ಭಾರತದಿಂದ ಹೋಗಿದ್ದ ಯುವಕ, ಆ ಕೆಲಸಕ್ಕೆ ತೀರ ಹೊಸಬ. ತಪ್ಪು ನನ್ನದೇ ಎಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಎಂಟು ವರ್ಷ ಶಿಕ್ಷೆಯಾಯಿತು. ಅವನನ್ನು ಕೆಲಸಕ್ಕಿಟ್ಟ ಮಾಲೀಕನಿಗೆ ಆದದ್ದು 5,000 ಡಾಲರು ದಂಡ. ಸತ್ತ ಮಕ್ಕಳ ತಾಯಂದಿರ ದುಃಖದ ಮುಂದೆ ನಾವು ತೂಕದ ಕಲ್ಲು ಇಡಲಾರೆವು. ಆದರೂ ಎಂಟು ವರ್ಷ ಒಂದು ಕಡೆ, ಐದು ಸಾವಿರ ಇನ್ನೊಂದು ಕಡೆ. ತರಬೇತಿ ಕಡ್ಡಾಯ ಎಂಬ ನಿಯಮ ಆ ಪ್ರಾಂತ್ಯದಲ್ಲಿ ಬಂದದ್ದು ಅದರ ಮಾರನೆಯ ವರ್ಷ, 2019ರಲ್ಲಿ.

ಈಗ ಕಂಪನಿಯ ಕಡೆಗೆ ಮರಳೋಣ. 1971ರಲ್ಲಿ ಮತ್ತೆ ಮುಷ್ಕರವಾಗಿ ಸುಮಾರು ಐದು ತಿಂಗಳು ನಡೆಯಿತು. 1974ರಲ್ಲಿ 251 ಮೀಟರು ಎತ್ತರದ ಹೊಗೆ ಕೊಳವೆ ಎದ್ದಿತು. 2000ದ ಆಗಸ್ಟಿನಲ್ಲಿ ಕುಲುಮೆಯಲ್ಲಿ ಸ್ಫೋಟವಾಗಿ ಒಬ್ಬ ಕೆಲಸಗಾರ ಸತ್ತ, ಹಲವರು ಬೆಂದರು. 2010ರಲ್ಲಿ ತಾಮ್ರದ ಕುಲುಮೆ ಮುಚ್ಚಿತು. 2022ರ ಜೂನ್ ತಿಂಗಳಲ್ಲಿ ಊರಿನ ಕೊನೆಯ ಗಣಿಯಾದ 777 ಮುಚ್ಚಿತು, ಸತುವಿನ ಕಾರ್ಖಾನೆಯೂ ನಿಂತಿತು. ಅದಿರು ತೀರಿತು, ಕಂಪನಿ ತನ್ನ ಕೆಲಸವನ್ನು ಸ್ನೋ ಲೇಕ್ ಎಂಬ ಬೇರೆ ಊರಿಗೆ ಸರಿಸಿತು. ಹಿಂದೆ ಹತ್ತು ಸಾವಿರ ದಾಟಿದ್ದ ಜನಸಂಖ್ಯೆ ಈಗ ಸುಮಾರು ಐದು ಸಾವಿರ.

ಕಂಪನಿಯಿಂದಲೇ ತಂಡ ಎನ್ನುವವರ ವಾದ ನಿಜವಾಗಿದ್ದರೆ ಆ ಜೂನ್ ತಿಂಗಳಲ್ಲೇ ಬಾಂಬರ್ಸ್ ಕೂಡ ಬಾಗಿಲು ಹಾಕಬೇಕಿತ್ತು. ಆದದ್ದೇನು? ಗಣಿ ಮುಚ್ಚಿದ ಮೊದಲ ಚಳಿಗಾಲದಲ್ಲೇ ತಂಡ ಲೀಗಿನ ಅಂತಿಮ ಸರಣಿಗೆ ಹೋಯಿತು. 2023ರ ವಸಂತದಲ್ಲಿ ಬ್ಯಾಟಲ್‌ಫರ್ಡ್ಸ್ ತಂಡದ ಎದುರು ಸೋತಿತು. 2024ರಲ್ಲಿ ಮತ್ತೆ ಅಂತಿಮಕ್ಕೆ ಬಂತು, ಮೆಲ್‌ಫರ್ಟ್ ಎದುರು ಮತ್ತೆ ಸೋತಿತು. ಆ ಊರಲ್ಲಿ ಒಂದು ಪದ್ಧತಿಯಿದೆ. ದೊಡ್ಡ ಪಂದ್ಯ ಗೆದ್ದರೆ ಪ್ರೇಕ್ಷಕರು ಮೂಸ್ ಎಂಬ ಕಾಡು ಪ್ರಾಣಿಯ ಒಂದು ಇಡೀ ಕಾಲನ್ನು ಮಂಜಿನ ಅಂಗಳಕ್ಕೆ ಎಸೆಯುತ್ತಾರೆ. ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ ಅದು. ಬೇಟೆಯಾಡಿ ತಂದು, ಮನೆಯಲ್ಲಿ ಇಟ್ಟುಕೊಂಡು, ಹೊತ್ತು ತಂದು, ಬೆಂಚಿನ ಮೇಲೆ ಎದ್ದು ನಿಂತು ಎಸೆಯಬೇಕು. ವಿಟ್ನಿ ಮನೆತನದವರು ಯಾರಾದರೂ ಆ ಕಾಲನ್ನು ಹೊತ್ತು ತಂದದ್ದು ನಾವು ಎಲ್ಲೂ ಓದಿಲ್ಲ.